ಕುಸುಮಾವತಿಯ ಎಂಟನೇ ಸ್ಥಾನ

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕುಸುಮಾವತಿಗೆ ಹದಿನಾಲ್ಕು ವರ್ಷದ ಸರ್ವಿಸ್ಸು. ಬೆಲ್ಟಿನ ಮೇಲೆ ಸಾಲಾಗಿ ಸಾಗುವ ಮುನ್ನೂರು ಟ್ರೇಗಳನ್ನು ಒಂದೊಂದಾಗಿ ನೋಡಿ, ಚಮಚ ಇದೆಯೇ, ಚೀಟಿಯಲ್ಲಿ ಬರೆದದ್ದೇ ತಟ್ಟೆಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಂಡು ಮುಂದೆ ಬಿಡುವುದು ಅವಳ ಕೆಲಸ. ಒಂದು ಟ್ರೇಗೆ ನಾಲ್ಕು ಸೆಕೆಂಡು. ಹೀಗೆ ಪಳಗಿದ ಕಣ್ಣು ಶನಿವಾರ, ಭಾನುವಾರ ಬಂತೆಂದು ಸುಮ್ಮನಿರುತ್ತದೆಯೇ? ಅದು ನೆಟ್ಟಗೆ ಫುಟ್‌ಬಾಲ್ ಮೈದಾನಕ್ಕೆ ಹೋಗಿ ಕೂತುಬಿಟ್ಟಿತು.

ಆ ದೇಶದಲ್ಲಿ ಫುಟ್‌ಬಾಲ್ ಎಂದರೆ ಮೂರು ನಾಲ್ಕು ಆಟಗಳ ಹೆಸರು. ಇದು ದುಂಡು ಚೆಂಡಿನದು. ಮಲ್ಪೆಯಲ್ಲಿ ಹುಟ್ಟಿ ಬೆಳೆದ ಕುಸುಮಾವತಿ ಮದುವೆಯಾಗುವ ತನಕ ಆ ಚೆಂಡನ್ನು ಮುಟ್ಟಿದವಳೇ ಅಲ್ಲ. ಮಗಳು ಅಶ್ವಿತಾ ಹತ್ತನೇ ವಯಸ್ಸಿಗೆ ಗೋಲ್‌ಕೀಪರ್ ಆದಳು, ತಾಯಿ ಗೆರೆಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಳು, ಅಷ್ಟೇ. ಈಗ ಅಶ್ವಿತಾಗೆ ಇಪ್ಪತ್ತೊಂದು. ಜಾರ್ಜಸ್ ರಿವರ್ ಯೂನಿವರ್ಸಿಟಿಯಲ್ಲಿ ಫಿಸಿಯೋಥೆರಪಿ ಓದುತ್ತಾ ಅಲ್ಲಿನ ಹುಡುಗಿಯರ ಟೀಮಿಗೆ ಕೀಪರ್ ಆಗಿದ್ದಾಳೆ. ಹನ್ನೊಂದು ವರ್ಷ ಕುರ್ಚಿ ಸವೆಸಿದ ತಾಯಿಗೆ ಯಾವ ಹುಡುಗಿ ಎಪ್ಪತ್ತನೇ ನಿಮಿಷಕ್ಕೆ ಏದುಸಿರು ಬಿಡುತ್ತಾಳೆ, ಯಾವ ಕೋಚ್ ಹೆದರಿದ ಕೂಡಲೇ ಎಲ್ಲರನ್ನೂ ಗೋಲಿನ ಮುಂದೆ ತಂದು ಗುಡ್ಡೆ ಹಾಕುತ್ತಾನೆ ಎಂಬುದೆಲ್ಲ ಬಾಯಿಪಾಠ.

ಸಿಡ್ನಿಯ ನಾಲ್ಕು, ಮೆಲ್ಬರ್ನಿನ ನಾಲ್ಕು, ಒಟ್ಟು ಎಂಟು ಯೂನಿವರ್ಸಿಟಿಗಳ ಲೀಗ್ ಅದು. ಮಕ್ಕಳೋ ಮೊಮ್ಮಕ್ಕಳೋ ಅದರಲ್ಲಿ ಆಡುವ ಕನ್ನಡದವರದ್ದೊಂದು ವಾಟ್ಸ್‌ಆಪ್ ಗುಂಪಿದೆ. ಆಟ ಶುರುವಾಗುವುದು ಏಪ್ರಿಲಿನಲ್ಲಿ. ಆದರೆ ಜನವರಿಯಿಂದಲೇ, ಒಬ್ಬ ಹುಡುಗಿಯೂ ಬೂಟು ಕಟ್ಟುವ ಮೊದಲೇ, ಈ ಸಲ ಯಾರು ಒಂದನೆಯವರು, ಯಾರು ಕಡೆಯವರು ಎಂದು ಪಟ್ಟಿ ಹಾಕಿ ಕಿತ್ತಾಡುವುದು ಗುಂಪಿನ ಕಸುಬು. ಎಪ್ಪಿಂಗಿನ ಡಾಕ್ಟರಿಂದ ಹಿಡಿದು ನಾರ್ತ್ ಸಿಡ್ನಿಯ ಐಟಿಯವರ ತನಕ ಎಲ್ಲರಿಗೂ ಒಂದೊಂದು ಪಟ್ಟಿ. ಜನ ಕಾದು ಓದುವುದು ಮಾತ್ರ ಎರಡನ್ನೇ. ಒಂದು ಮೆಲ್ಬರ್ನಿನ ರಾಮಮೂರ್ತಿಯವರದ್ದು. ಮೈಸೂರಿನಲ್ಲಿ ಸ್ಟಾಟಿಸ್ಟಿಕ್ಸ್ ಪ್ರೊಫೆಸರ್ ಆಗಿ ರಿಟೈರ್ ಆದವರು, ಮೊಮ್ಮಗಳು ಪ್ರಣತಿ ಅಲ್ಲಿನ ಯಾರ್ರಾ ಬೆಂಡ್ ಯೂನಿವರ್ಸಿಟಿಗೆ ಗೋಲು ಹೊಡೆಯುವವಳು. ಇನ್ನೊಂದು ಕುಸುಮಾವತಿಯದ್ದು.

ರಾಮಮೂರ್ತಿಯವರ ಪಟ್ಟಿಯಲ್ಲಿ ಯಾರ್ರಾ ಬೆಂಡ್ ಸದಾ ಒಂದನೆಯದು. ಕುಸುಮಾವತಿಯ ಪಟ್ಟಿಯಲ್ಲಿ ಜಾರ್ಜಸ್ ರಿವರ್ ಸದಾ ಎಂಟನೆಯದು. ಮಿಕ್ಕ ಏಳು ಟೀಮುಗಳ ಬಗ್ಗೆ ಅವಳು ಹೇಳಿದ್ದು ಸೆಪ್ಟೆಂಬರಿನ ಹೊತ್ತಿಗೆ ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು, ಈ ಎಂಟು ಮಾತ್ರ ಅಪ್ಪಟ ಸುಳ್ಳು. ಗುಂಪಿನಲ್ಲಿ ಯಾರೂ ತಕರಾರು ಎತ್ತಿದವರಲ್ಲ. ಹೆತ್ತವಳೇ ಮಗಳನ್ನು ನಾಲ್ಕು ಜನರ ಮುಂದೆ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬುದನ್ನು ಅವರಿಗೆಲ್ಲ ಬಿಡಿಸಿ ಹೇಳಬೇಕೇ? ಕುಸುಮಕ್ಕನ ಎಂಟು ಎಂದರೆ ಮೊದಲ ಮೂರರೊಳಗೆ ಎಂದು ತಿದ್ದಿಕೊಂಡು ಓದುತ್ತಿದ್ದರು.

ಒಂದು ವರ್ಷ ಮಾತ್ರ ಅವಳು ಎಡವಿದಳು. ಕಳೆದ ವರ್ಷದ ಜನವರಿಯಲ್ಲಿ ರಾಮಮೂರ್ತಿಯವರು, "ಪಟ್ಟಿ ಹಾಕೋ ಧೈರ್ಯ ಇದ್ಮೇಲೆ ನಿಜ ಹೇಳೋ ಧೈರ್ಯಾನೂ ಇರಬೇಕಮ್ಮಾ" ಎಂದು ಎಲ್ಲರೆದುರು ಕೆಣಕಿದರು. ರೋಷಕ್ಕೆ ಬಿದ್ದ ಕುಸುಮಾವತಿ ಜಾರ್ಜಸ್ ರಿವರನ್ನು ಮೂರನೇ ಸ್ಥಾನಕ್ಕೆ ಹಾಕಿದ್ದಲ್ಲದೆ, ನಮ್ಮ ಕೀಪರಿನಂಥವಳು ಈ ಲೀಗಿನಲ್ಲೇ ಇಲ್ಲ ಎಂದೂ ಬರೆದುಬಿಟ್ಟಳು. ಏಪ್ರಿಲಿನ ಎರಡನೇ ಮ್ಯಾಚಿನಲ್ಲಿ ಅಶ್ವಿತಾಳ ಎಡಮಂಡಿ ತಿರುಚಿ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು. ಮಗಳು ಹಲ್ಲು ಕಚ್ಚಿ ಒಂದೊಂದು ಇಂಚು ಕಾಲೆತ್ತುವುದನ್ನು ನೋಡಿದಾಗಲೆಲ್ಲ ತಾಯಿಗೆ ತಾನು ಬರೆದ ಆ ಸಾಲೇ ಕಣ್ಣಿಗೆ ಕಟ್ಟುತ್ತಿತ್ತು. ಅದನ್ನವಳು ಗಂಡ ಅಣ್ಣುವಿಗೂ ಹೇಳಲಿಲ್ಲ.

ಈ ವರ್ಷ ಫೆಬ್ರವರಿ ಬಂತು. ಮಂಡಿ ಸರಿಹೋಗಿದೆ, ಆಡಬಹುದು ಎಂದು ಡಾಕ್ಟರು ಹೇಳಿದರು. ಟೀಮಿನ ಆಯ್ಕೆಯ ಟ್ರಯಲ್ಲಿಗೆ ಹೆಸರು ಕೊಡಲು ಶುಕ್ರವಾರ ಸಂಜೆ ಐದರ ತನಕ ಸಮಯವಿತ್ತು. ಕುಸುಮಾವತಿ ಭಾನುವಾರವೇ ಪಟ್ಟಿ ಹಾಕಿ, ಜಾರ್ಜಸ್ ರಿವರನ್ನು ಎಂಟನೆಯದರಲ್ಲಿ ಭದ್ರವಾಗಿ ಕೂರಿಸಿ, ನೆಮ್ಮದಿಯ ಉಸಿರು ಬಿಟ್ಟಿದ್ದಳು. ಮಂಗಳವಾರ ಕೆಲಸದಿಂದ ಬಂದವಳು ಮಗಳನ್ನು ಕೇಳಿದಳು.

"ಹೆಸರು ಕೊಟ್ಟಾಯ್ತಾ?"

"ನಾಟ್ ಗೋಯಿಂಗ್" ಎಂದಳು ಅಶ್ವಿತಾ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

"ಎಂತಕ್ಕೆ? ಪುನಃ ನೋಯ್ತದಾ?"

ಅಶ್ವಿತಾ ಫೋನನ್ನು ಮೇಜಿನ ಮೇಲೆ ತಳ್ಳಿದಳು. ತಾಯಿಯ ಪಟ್ಟಿ ಅದರಲ್ಲಿತ್ತು. ನಿಮ್ಮಮ್ಮನೇ ನಿಮ್ಮನ್ನು ಕಡೆಗೆ ತಳ್ಳಿದ್ದಾರೆ ನೋಡು ಎಂದು ಪ್ರಣತಿ ತಮಾಷೆಗೆ ಕಳಿಸಿದ್ದು, ಹೋದ ವರ್ಷದ ಪಟ್ಟಿಯ ಜತೆಗೆ. ಕನ್ನಡ ಓದಲು ಬಾರದಿದ್ದರೇನು, ಟೀಮುಗಳ ಹೆಸರು ಇಂಗ್ಲಿಷಿನಲ್ಲೇ ಇದ್ದವು.

"ಲಾಸ್ಟ್ ಇಯರ್ ಥರ್ಡ್. ದಿಸ್ ಇಯರ್ ಏಯ್ತ್. ವಾಟ್ ಚೇಂಜ್ಡ್, ಅಮ್ಮಾ? ಓನ್ಲಿ ಮೈ ನೀ" ಎಂದು ಮಂಡಿ ತಟ್ಟಿಕೊಂಡಳು.

ಮಿಕ್ಕದ್ದನ್ನೂ ಅವಳು ಕೂಗಾಡದೆ ಹೇಳಿದಳು. ನಿನ್ನಷ್ಟು ಚೆನ್ನಾಗಿ ಆಟ ಅಳೆಯುವವರು ಇಲ್ಲವಂತೆ, ಎಲ್ಲರೂ ಹೇಳುತ್ತಾರೆ. ನನ್ನ ಕಾಲು ನಿಲ್ಲುವುದಿಲ್ಲ ಎಂದು ನಿನಗೆ ಕಂಡಿದ್ದರೆ ಅದು ನಿಜವೇ ಇರಬೇಕು. ಇಷ್ಟು ಹೇಳಿ ರೂಮಿಗೆ ಹೋದಳು. ಎಂಟು ಎಂದದ್ದು ನಿನ್ನನ್ನು ಕಾಯಲಿಕ್ಕೆ ಎಂದು ಕುಸುಮಾವತಿ ಹೇಳಬೇಕೆಂದಿದ್ದಳು, ಆದರೆ ಹಾಗೆಂದರೆ ಮೂರು ಎಂದ ವರ್ಷ ಏನಾಯಿತು ಎಂಬುದನ್ನೂ ಹೇಳಬೇಕಲ್ಲ.

ಅರ್ಧ ಗಂಟೆ ಬಾಲ್ಕನಿಯಲ್ಲಿ ಆಚೀಚೆ ಓಡಾಡಿ, ಕೊನೆಗೆ ಅವಳು ಫೋನ್ ಮಾಡಿದ್ದು ರಾಮಮೂರ್ತಿಯವರಿಗೆ. ವರ್ಷವಿಡೀ ಜಗಳವಾಡಿದವರ ಹತ್ತಿರವೇ ಇಂಥ ಮಾತು ಸಲೀಸು. ಅವರು ಎಲ್ಲ ಕೇಳಿಸಿಕೊಂಡರು.

"ಕುಸುಮಾವತಿಯವರೇ, ನಾನು ಗೆರೆ ಹತ್ರ ನಿಂತ್ರೆ ಪ್ರಣತಿ ಗೋಲ್ ಹೊಡೆಯಲ್ಲ ಅಂತ ಎರಡು ವರ್ಷದಿಂದ ಕಾರ್‌ಪಾರ್ಕಲ್ಲೇ ಕೂತಿರ್ತೀನಿ. ಮೂವತ್ತು ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಮಾಡಿದೋನು! ನಿಮ್ಮ ಎಂಟನ್ನ ನೋಡಿ ನಗೋ ಯೋಗ್ಯತೆ ನಂಗಿಲ್ಲ. ಆದ್ರೆ ನಾನ್ಯಾಕೆ ಕಾರಲ್ಲಿರ್ತೀನಿ ಅಂತ ಪ್ರಣತಿಗೆ ಗೊತ್ತು. ಗೇಲಿ ಮಾಡ್ತಾಳೆ. ನಿಮ್ಮ ಎಂಟರ ಕಥೆ ಗುಂಪಲ್ಲಿರೋ ಅರವತ್ತು ಜನಕ್ಕೂ ಗೊತ್ತು. ಗೊತ್ತಿರಬೇಕಾದ ಹುಡುಗಿಗೇ ಗೊತ್ತಿಲ್ಲ."

"ಈಗ ನಿಜ ಹೇಳಿದ್ರೆ ಪುನಃ ಕಾಲಿಗೆ ಎಂತಾದ್ರೂ ಆದ್ರೆ?"

"ಹೇಳದೇ ಇದ್ರೆ ಆಟವೇ ಹೋಯ್ತಲ್ಲಮ್ಮಾ" ಎಂದರು ಅವರು.

ಬುಧವಾರ ಸಂಜೆ ಆರಕ್ಕೆ ಇನ್ನೂ ಬಿಸಿಲಿತ್ತು. ಅಣ್ಣು ಬಸ್ ಡಿಪೋದಿಂದ ಯೂನಿಫಾರಮ್ಮಿನಲ್ಲೇ ಬಂದು ನಿಂತಿದ್ದ. ಕುಸುಮಾವತಿ ಮಗಳ ರೂಮಿನ ಬಾಗಿಲು ತಟ್ಟಿದಳು.

"ಆ ಪಟ್ಟಿ ನಾನು ಕಣ್ಣಲ್ಲಿ ನೋಡಿ ಹಾಕಿದ್ದಲ್ಲ. ನಿನ್ನ ಆಟ ನೋಡದೆ ಹತ್ತು ತಿಂಗಳಾಯ್ತು. ಗ್ಲೌಸ್ ತಗೊಂಡು ಪಾರ್ಕಿಗೆ ಬಾ, ನೋಡ್ಬೇಕು."

ಅಶ್ವಿತಾ ಗೊಣಗಿಕೊಂಡೇ ಬಂದಳು. ಚೆಂಡು ಒದೆಯುವ ಕೆಲಸ ಅಣ್ಣುವಿನದು. ಹುಡುಗನಾಗಿದ್ದಾಗ ಮಲ್ಪೆಯ ಮರಳಿನಲ್ಲಿ ಬರಿಗಾಲಲ್ಲಿ ಆಡಿದವ, ಕಾಲಿನ ಗುರಿ ಇನ್ನೂ ಹಾಗೇ ಇತ್ತು, ಹೊಟ್ಟೆ ಮಾತ್ರ ನಡುವೆ ಬರುತ್ತಿತ್ತು. ಬಲಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ಎಂದು ಕುಸುಮಾವತಿಯ ಹುಕುಂ. ಅವಳು ಹುಲ್ಲಿನ ಮೇಲೆ ಮಂಡಿಯೂರಿ, ಚೆಂಡನ್ನು ಬಿಟ್ಟು ಮಗಳ ಪಾದಗಳನ್ನೇ ನೋಡುತ್ತಿದ್ದಳು. ಬಲಕ್ಕೆ ಹುಡುಗಿ ಮೊದಲಿನಂತೆಯೇ ಚಿಮ್ಮುತ್ತಿದ್ದಳು. ಎಡಕ್ಕೆ ಹಾರಬೇಕಾದಾಗ ಮಾತ್ರ, ಎಡಗಾಲ ಮೇಲೆ ಭಾರ ಬಿಟ್ಟು ಚಿಮ್ಮುವ ಮೊದಲು, ಒಂದು ಸಣ್ಣ ಹೆಜ್ಜೆ ಹೆಚ್ಚು ಇಡುತ್ತಿದ್ದಳು. ಆ ಹೆಜ್ಜೆ ಇಡುವಷ್ಟರಲ್ಲಿ ಚೆಂಡು ಗೋಲಿನೊಳಗೆ. ಮಂಡಿ ಎಲ್ಲೂ ಅಲುಗಲಿಲ್ಲ, ಕುಂಟಲಿಲ್ಲ. ಹೆದರಿಕೊಂಡದ್ದು ಮಂಡಿಯಲ್ಲ, ಮಗಳು ಎಂದು ಕುಸುಮಾವತಿಗೆ ಸ್ಪಷ್ಟವಾಯಿತು. ಹೆದರಿಕೆಯ ವಿಷಯದಲ್ಲಿ ಅವಳಿಗೂ ಸಾಕಷ್ಟು ಅನುಭವವಿತ್ತು.

ಗುರುವಾರ ಅವಳು ಪಟ್ಟಿಯನ್ನು ಬರೆಯಲಿಲ್ಲ. ಅಶ್ವಿತಾಗೆ ಅರ್ಥವಾಗಲಿ ಎಂದೇ ದನಿಯಲ್ಲಿ ರೆಕಾರ್ಡ್ ಮಾಡಿ ಗುಂಪಿಗೂ ಮಗಳಿಗೂ ಕಳಿಸಿದಳು.

"ನಾನು ಕುಸುಮಾವತಿ. ಜಾರ್ಜಸ್ ರಿವರ್ ಎಂಟು ಅಂತ ಹಾಕಿದ್ದು ತಪ್ಪು. ಐದು. ಕೀಪರಿನ ಮಂಡಿ ಗಟ್ಟಿ ಉಂಟು, ನಾನೇ ನೋಡಿ ಬಂದೆ. ಬಲಕ್ಕೆ ಹಾರುವುದು ಮೊದಲಿಗಿಂತ ಚಂದ. ಎಡಕ್ಕೆ ಹಾರುವಾಗ ಹೆದರಿಕೆಗೆ ಒಂದು ಹೆಜ್ಜೆ ಹೆಚ್ಚು ಇಡ್ತಾಳೆ. ಅದು ಹೋದ್ರೆ ಮೇಲೆ ತರ್ತೇನೆ. ಅವಳು ಆಡದಿದ್ರೆ ಮಾತ್ರ ಎಂಟೇ."

ಹತ್ತು ನಿಮಿಷಕ್ಕೆ ರೂಮಿನ ಬಾಗಿಲು ಧಡಾರನೆ ತೆರೆಯಿತು.

"ಫಿಫ್ತ್? ಸೀರಿಯಸ್ಲಿ?" ಅಶ್ವಿತಾಳ ಮುಖ ಕೆಂಪಾಗಿತ್ತು. ನಾಲ್ಕನೇ ಸ್ಥಾನದವರಿಗೆ ಡಿಫೆನ್ಸೇ ಇಲ್ಲ, ಮೂರನೆಯವರ ಕ್ಯಾಪ್ಟನ್ ಪರ್ತ್ ನಗರಕ್ಕೆ ಹೋಗಿಬಿಟ್ಟಿದ್ದಾಳೆ, ಅದಾದರೂ ಗೊತ್ತೇ ನಿನಗೆ? ತಾಯಿಯೂ ಸೊಂಟಕ್ಕೆ ಕೈಯಿಟ್ಟು ನಿಂತಳು. ಒಂದೊಂದು ಟೀಮನ್ನೂ ಎಳೆದು ತಂದು ಸಾರು ಕುದಿಯುವ ತನಕ ವಾದ ಮಾಡಿದರು. ತಾನು ಹೆಚ್ಚಿನ ಹೆಜ್ಜೆ ಇಡುವುದೇ ಇಲ್ಲ ಎಂದಳು ಮಗಳು.

"ಇಪ್ಪತ್ತರಲ್ಲಿ ಹದಿನೇಳು ಸಲ. ಎಣಿಸಿದ್ದೇನೆ" ಎಂದಳು ತಾಯಿ.

ಅಶ್ವಿತಾ ಫೋನ್ ತೆಗೆದು, ಅಲ್ಲೇ ನಿಂತು, ಟ್ರಯಲ್ಲಿಗೆ ಹೆಸರು ಕೊಟ್ಟಳು. ಹತ್ತು ತಿಂಗಳಿಂದ ಆ ಮನೆಯಲ್ಲಿ ಇಷ್ಟು ಜೋರಾಗಿ ಯಾರೂ ಜಗಳವಾಡಿರಲಿಲ್ಲ. ಅಣ್ಣು ಖುಷಿಗೆ ಎರಡು ತುತ್ತು ಹೆಚ್ಚೇ ಉಂಡ.

ನಿಜವನ್ನೇನೋ ಹೇಳಿಯಾಯಿತು, ಹಾಗೆಂದು ಕುಸುಮಾವತಿ ಕೈಕಟ್ಟಿ ಕೂರುವವಳಲ್ಲ. ಊಟವಾದ ಮೇಲೆ ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಮಗಳನ್ನು ಬಾಲ್ಕನಿಗೆ ಕರೆದಳು. ಒಳಗೆ ಮೆಣಸು ಸುಟ್ಟರೆ ಸ್ಮೋಕ್ ಅಲಾರಮ್ ಕೂಗಿ ಇಡೀ ಬಿಲ್ಡಿಂಗ್ ಬೀದಿಗಿಳಿಯುತ್ತದೆ. ಮೂರು ಸುತ್ತು ನಿವಾಳಿಸುತ್ತಾ, ಮಗಳ ಮುಖ ನೋಡದೆ, ಎಲ್ಲ ಹೇಳಿದಳು. ಎಂಟು ಯಾಕೆ, ಮೂರು ಎಂದ ವರ್ಷ ಏನಾಯಿತು, ಆವತ್ತಿನಿಂದ ತನಗೆ ಹೇಗಾಗಿದೆ.

ಅಶ್ವಿತಾ ಬೆರಗಾಗಿ ಕೇಳಿದಳು. "ಯೂ ಥಾಟ್ ಯೂ ಹರ್ಟ್ ಮೈ ನೀ?"

ತಾಯಿ ಹೌದೆಂದು ತಲೆಯಾಡಿಸಿದಳು.

"ಅಮ್ಮಾ. ಇಟ್ ವಾಸ್ ವೆಟ್ ಗ್ರಾಸ್" ಎಂದು ಅಶ್ವಿತಾ ಅವಳನ್ನು ಉಪ್ಪು ಮೆಣಸಿನ ಸಮೇತ ತಬ್ಬಿಕೊಂಡಳು. ಕುಸುಮಾವತಿ ಅತ್ತುಬಿಟ್ಟಳು. ಅಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು.

ಭಾನುವಾರದ ಟ್ರಯಲ್ಲಿನಲ್ಲಿ ಅಶ್ವಿತಾ ಟೀಮಿಗೆ ಸೇರಿದಳು. ಮಾರ್ಚಿನಲ್ಲಿ ಮೆಲ್ಬರ್ನಿನಲ್ಲಿ ಯಾರ್ರಾ ಬೆಂಡ್ ಜತೆ ಅಭ್ಯಾಸದ ಮ್ಯಾಚು. ವಾರವಿಡೀ ಬಸ್ ಓಡಿಸಿದ ಅಣ್ಣು ಶನಿವಾರ ಒಂಬತ್ತು ಗಂಟೆ ಕಾರು ಓಡಿಸಿ ಹೆಂಡತಿಯನ್ನು ಅಲ್ಲಿಗೆ ಮುಟ್ಟಿಸಿದ. ಭಾನುವಾರ ಬೆಳಿಗ್ಗೆ ಮೈದಾನದ ಸುತ್ತ ನೂರು ಜನರಿದ್ದರು, ಗುಂಪಿನವರೇ ಇಪ್ಪತ್ತು ಮೂವತ್ತು ಮಂದಿ.

ಒಂದು ಗಂಟೆಯಾದರೂ ಗೋಲಿಲ್ಲ. ಅಶ್ವಿತಾ ಬಲಕ್ಕೆ ಎರಡು ಹಿಡಿದಳು, ತಲೆಯ ಮೇಲಿನದೊಂದನ್ನು ತಳ್ಳಿದಳು. ಎಡಕ್ಕೆ ಒಂದೂ ಬರಲಿಲ್ಲ. ಆಗ ಪ್ರಣತಿ ಇಬ್ಬರನ್ನು ದಾಟಿ ಬಂದು, ಅಶ್ವಿತಾಳ ಎಡಮೂಲೆಗೆ ನೆಲಮಟ್ಟದಲ್ಲಿ ಬಿಗಿಯಾಗಿ ಒದ್ದಳು. ಕುಸುಮಾವತಿ ಮಗಳ ಪಾದಗಳನ್ನೇ ನೋಡಿದಳು. ಅಶ್ವಿತಾ ಹೆಚ್ಚಿನ ಹೆಜ್ಜೆ ಇಡಲಿಲ್ಲ. ಇದ್ದಲ್ಲಿಂದಲೇ ಎಡಗಾಲನ್ನು ಊರಿ ಚಿಮ್ಮಿ, ಮೈಯಷ್ಟೂ ಉದ್ದಕ್ಕೆ ಚಾಚಿದಳು. ಬೆರಳ ತುದಿಗೆ ತಾಗಿದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಯಾರ್ರಾ ಬೆಂಡಿನ ಹುಡುಗಿಯರು ಕುಣಿದರು. ಅಶ್ವಿತಾ ಎದ್ದಳು, ಎರಡೂ ಕಾಲ ಮೇಲೆ, ಹುಲ್ಲು ಕೊಡವಿಕೊಂಡು.

ಕುಸುಮಾವತಿ ಕುರ್ಚಿ ಮಗುಚುವಂತೆ ಎದ್ದು ಚಪ್ಪಾಳೆ ತಟ್ಟತೊಡಗಿದಳು.

"ಏ, ಗೋಲು ಬಿದ್ದದ್ದು ನಮಗೆ ಮಾರಾಯ್ತಿ!" ಎಂದು ಅಣ್ಣು ಸೆರಗೆಳೆದ.

ಅವಳಿಗೆ ಅದು ಕೇಳಿಸಿದಂತಿರಲಿಲ್ಲ. ಮೈದಾನದ ನೂರು ಜನರ ಕಣ್ಣೂ ತನ್ನ ಮೇಲಿರುವಾಗ, ಆ ಗೋಲಿನ ಕಡೆ ಕೈ ಚಾಚಿ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ್ದನ್ನು ಗಂಟಲು ಹರಿಯುವಂತೆ ಕೂಗಿ ಹೇಳಿದಳು. "ನನ್ನ ಮಗಳು ಅವಳು! ಹೇಗೆ ಹಾರಿದ್ಲು, ನೋಡಿದ್ರಾ? ನನ್ನ ಮಗಳು!"

ಅಶ್ವಿತಾ ತಿರುಗಿ ನೋಡಿ ನಕ್ಕಳು. ಆಮೇಲೆ ಚೆಂಡನ್ನು ಬಲೆಯಿಂದ ತೆಗೆದು ಆಟಕ್ಕೆ ಎಸೆದಳು.