ಯಾರೂ ಕೆಮ್ಮದ ತಟ್ಟೆ

ದೆವ್ವ, ಶಕುನ ಎಂದರೆ ನಗುತ್ತಿದ್ದವಳು ನಾನು. ಕಣ್ಣಿಗೆ ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದೇ ನನ್ನ ಕೆಲಸವಾಗಿತ್ತು. ನೀವು ನಂಬದಿದ್ದರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅರವತ್ತರ ದಶಕದ ಮಾತು. ಜಯನಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾಯಿಕೆಮ್ಮಿನ ಪರೀಕ್ಷೆ ಮಾಡುತ್ತಿದ್ದೆವು. ಆಲೂಗಡ್ಡೆ ಬೇಯಿಸಿದ ನೀರು, ಅಗರ್ ಎಂಬ ಕಡಲಪಾಚಿಯ ಅಂಟು, ಕುರಿಯ ರಕ್ತ ಬೆರೆಸಿ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದನ್ನು ಮಗುವಿನ ಬಾಯಿಯ ಮುಂದೆ ಹಿಡಿದು ಕೆಮ್ಮಿಸಬೇಕು. ಬೆಚ್ಚನೆಯ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇಟ್ಟರೆ, ರೋಗಾಣು ಇದ್ದಲ್ಲಿ ಪಾದರಸದ ಹನಿಯಂಥ ಚುಕ್ಕೆಗಳು ಏಳುತ್ತವೆ. ಜೊತೆಗೆ ಅಂಥದೇ ಇನ್ನೊಂದು ತಟ್ಟೆಯ ಮುಚ್ಚಳಕ್ಕೆ ಪಟ್ಟಿ ಅಂಟಿಸಿ, ಮೇಲೆ ಸಹಿ ಹಾಕಿ, ತೆರೆಯದೆಯೇ ಒಯ್ದು ತಂದು ಅದೇ ಪೆಟ್ಟಿಗೆಯಲ್ಲಿ ಇಡುವುದು ನಮ್ಮ ಪದ್ಧತಿ. ಅದು ಖಾಲಿ ಉಳಿದರೆ ನಮ್ಮ ಕೆಲಸ ಶುದ್ಧವೆಂದು ಅರ್ಥ.

ಜರಗನಹಳ್ಳಿಯ ಒಂದು ಮನೆಯಲ್ಲಿ ಐದು ವರ್ಷದ ಗೌರಿ ಕೆಮ್ಮುತ್ತಿದ್ದಳು. ತೊಟ್ಟಿಲಲ್ಲಿ ಹುಟ್ಟಿ ತಿಂಗಳೂ ತುಂಬದ ತಮ್ಮ. ತಟ್ಟೆ ನೋಡಿ ಗೌರಿ, “ಇದ್ರಲ್ಲಿ ದೋಸೆ ಹುಯ್ತೀಯಾ ಅಕ್ಕಾ?” ಎಂದು ನಕ್ಕಳು. ಆ ನಗುವೇ ಕೆಮ್ಮಾಗಿ ಮುಖ ನೀಲಿಗಟ್ಟಿತು. ತಟ್ಟೆ ಹಿಡಿದೆ. ತೆರೆಯದ ತಟ್ಟೆಯನ್ನು ತೊಟ್ಟಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ.

“ಅಕ್ಕಾ, ಕೂಸ್ನ ಎತ್ಕೊಂಡು ತವರಿಗೆ ಹೋಗ್ಬಿಡ್ಲಾ?” ಎಂದು ತಾಯಿ ಸಾಕಮ್ಮ ಕೇಳಿದಳು.

“ರಿಸಲ್ಟ್ ಬರ್ಲಿ ತಾಯಿ, ನಾಲ್ಕೇ ದಿನ. ಬಾಣಂತಿ ಸುಮ್ಸುಮ್ನೆ ಯಾಕೆ ಬಸ್ಸು ಹತ್ತೋದು?” ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಗೌರಿಯ ತಟ್ಟೆಯ ತುಂಬ ಚುಕ್ಕೆಗಳು. ಇನ್ನೊಂದರ ಪಟ್ಟಿ ಹಾಗೇ ಇತ್ತು, ನನ್ನ ಸಹಿಯೂ ಹಾಗೇ ಇತ್ತು. ಆದರೆ ಒಳಗೆ, ನಟ್ಟನಡುವೆ, ನಾಲ್ಕು ಚುಕ್ಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೇ ರೋಗಾಣು. ಬೇರೆ ಒಂದೂ ಇಲ್ಲ.

“ನೀವೇ ಎಲ್ಲೋ ಮುಚ್ಚಳ ತೆಗೆದಿದೀರಿ. ಅಡುಗೆಮನೆ ಅಂದ್ಕೊಂಡ್ರಾ ಇದನ್ನ?” ಎಂದು ಪ್ರಯೋಗಾಲಯದ ಡಾಕ್ಟರು ಗದರಿದರು. ನಾನು ತೆಗೆದಿರಲಿಲ್ಲ.

ಅದನ್ನು ಇಟ್ಟಿದ್ದು ತೊಟ್ಟಿಲ ಪಕ್ಕ ಎಂದು ನೆನಪಾಗಿ, ಸಿಕ್ಕ ಬಸ್ಸು ಹತ್ತಿ ಜರಗನಹಳ್ಳಿಗೆ ಹೋದೆ. ತೊಟ್ಟಿಲನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹಿಂದಿನ ದಿನ ಮಗುವಿನ ಉಸಿರು ನಿಂತಿತ್ತು.

“ಒಂದ್ಸಲಾನೂ ಕೆಮ್ಮಲಿಲ್ಲ ಅಕ್ಕಾ,” ಎಂದಳು ಸಾಕಮ್ಮ. “ಕೆಮ್ಮಿದ್ದಿದ್ರೆ ನಿಮ್ಮ ಮಾತು ಕೇಳ್ತಿರ್ಲಿಲ್ಲ. ಹೊರಟುಬಿಡ್ತಿದ್ದೆ.”

ಅಷ್ಟು ಎಳೆಯ ಕೂಸುಗಳು ಈ ರೋಗದಲ್ಲಿ ಎಷ್ಟೋ ಸಲ ಕೆಮ್ಮುವುದೇ ಇಲ್ಲ, ಸುಮ್ಮನೆ ಉಸಿರು ನಿಲ್ಲಿಸುತ್ತವೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅದು ಅರ್ಥವಾಗುತ್ತದೆ. ತಟ್ಟೆಯದು ಅರ್ಥವಾಗುವುದಿಲ್ಲ. ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ, ಎಲ್ಲೂ ಎದ್ದಿರಲಿಲ್ಲ.

ರಿಜಿಸ್ಟರಿನಲ್ಲಿ ತೆರೆಯದ ತಟ್ಟೆಗೆ ಒಂದು ಕಾಲಂ ಇತ್ತು. ಅಂದು ಅದನ್ನು ಖಾಲಿ ಬಿಟ್ಟೆ. ಅಲ್ಲಿ ಏನು ಬರೆಯಬೇಕಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.