ಶರಣಪ್ಪ ಕಾಕಾನ ದಾರ

ಶರಣಪ್ಪ ಕಾಕಾ ನೆಲಕ್ಕೆ ಫರಸಿ ಕಲ್ಲು ಹಾಸುವಾಗ ಕೆನ್ನೆಯನ್ನು ಕಲ್ಲಿಗೆ ಹಚ್ಚಿ ಮಲಗಿಬಿಡುತ್ತಿದ್ದರು. ಎಡಗಣ್ಣು ಮುಚ್ಚಿ, ಕಲ್ಲು ಕಲ್ಲಿನ ನಡುವಿನ ಸಂದಿಯನ್ನು ಬಲಗಣ್ಣಿನಿಂದ ಗೋಡೆಯವರೆಗೂ ನೋಡುತ್ತಿದ್ದರು. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಆ ಕಲ್ಲು ಏಳಲೇಬೇಕು. ಮನೆಯವರು ಗೊಣಗಿದರೆ ಜೇಬಿನಿಂದ ದಾರದುಂಡೆ ತೆಗೆದು ಬಿಗಿಯಾಗಿ ಜಗ್ಗಿ ತೋರಿಸುತ್ತಿದ್ದರು. "ಮನಷ್ಯಾ ಸುಳ್ಳ ಹೇಳ್ಯಾನು, ದಾರ ಹೇಳಂಗಿಲ್ರಿ." ಪ್ರತಿ ಸಲವೂ ಗೆಲ್ಲುತ್ತಿದ್ದದ್ದು ಅವರ ಕಣ್ಣೇ.

ಅವರ ಊರು ತಾಂಡೂರು. ಜಹೀರಾಬಾದಿನ ನನ್ನ ಚಷ್ಮಾ ಅಂಗಡಿಯ ನೆಲ ಹಾಸಿದವರೂ ಅವರೇ. ಅಂದಿನಿಂದ ನಾನು ಅವರಿಗೆ 'ಡಾಕ್ಟರ್ ಸಾಬ್'. ನಾನು ಡಾಕ್ಟರಲ್ಲ, ನಂಬರು ನೋಡಿ ಚಷ್ಮಾ ಕೊಡುವವನು. ಆದರೂ ಗಿರಾಕಿಗಳೆದುರು ಅವರು ಹಾಗೆ ಕರೆದರೆ ಒಳಗೊಳಗೇ ಉಬ್ಬುತ್ತಿದ್ದೆ. ಒಂದು ದಿನವೂ ತಿದ್ದಲಿಲ್ಲ.

ಹೋದ ವರ್ಷ ನಾರಾಯಣಖೇಡದಲ್ಲಿ ತಾವೇ ಹಾಸಿದ ಪಡಸಾಲೆಯನ್ನು ಕಾಕಾ ಎರಡು ಸಲ ಕೀಳಿಸಿದರು. ಸಂದಿ ಹಾವಿನ ಹಾಗೆ ಹೊರಳಿದೆ ಎಂದರು. ಮನೆಯವರಿಗೆ ಏನೂ ಕಾಣಲಿಲ್ಲ, ಆದರೂ ಒಪ್ಪಿದರು. ಕಾಕಾನಿಗೆ ಕಂಡ ಸೊಟ್ಟು ನಮಗೆ ಯಾವತ್ತು ಕಂಡಿದೆ? ಕಣ್ಣು ಕೆಟ್ಟಿರಬಹುದೆಂದು ಯಾರೂ ಅನ್ನಲಿಲ್ಲ.

ಅವರಿಗೇ ಅನುಮಾನ ಬಂದು ಅಂಗಡಿಗೆ ಬಂದರು. "ಡಾಕ್ಟರ್ ಸಾಬ್, ಬಲಗಣ್ಣಾಗ ನಡುವ ಮಸಕ ಅದ. ಫರಸಿ ಸೊಟ್ಟ ಕಾಣ್ತದಂತ ದಾರ ಜಗ್ಗಿ ನೋಡ್ದೆ. ದಾರನೂ ಸೊಟ್ಟ ಕಾಣ್ತದರಿ."

ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ ಕಣ್ಣಿನ ಹಿಂದಿನ ಪರದೆಗೆ ಕುತ್ತು, ತಡಮಾಡದೆ ರೆಟಿನಾ ಡಾಕ್ಟರ ಹತ್ತಿರ ಕಳಿಸಬೇಕು ಎಂಬುದು ನನಗೆ ಗೊತ್ತಿದ್ದ ಪಾಠ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದೂ ಗೊತ್ತಿತ್ತು. ಬಲಗಣ್ಣೊಂದರಿಂದ ಓದಿಸಿದಾಗ ದೊಡ್ಡಕ್ಷರಗಳೂ ತಪ್ಪಿದವು. ಎರಡೂ ಕಣ್ಣು ತೆರೆಸಿ ಓದಿಸಿದೆ. ಎಡಗಣ್ಣಿನ ಬಲದಿಂದ ಕೊನೆಯ ಸಾಲಿಗೆ ಮುಟ್ಟಿದರು. ಅಂದು ಸಂತೆ, ಅಂಗಡಿ ತುಂಬ ಜನ. ಅಷ್ಟು ಜನರೆದುರು ಡಾಕ್ಟರ್ ಸಾಬ್ ಎನಿಸಿಕೊಂಡವನಿಗೆ 'ಇದು ನನ್ನ ಕೈಯಲ್ಲಿಲ್ಲ' ಎನ್ನಲು ನಾಲಿಗೆ ಹೊರಳಲಿಲ್ಲ. "ವಯಸ್ಸಾತಲ್ರಿ ಕಾಕಾ, ನಂಬರ್ ಬದಲಾಗ್ಯಾದ," ಎಂದೆ.

ತಿಂಗಳ ಮೇಲೆ ಹೊಸ ಚಷ್ಮಾ ಹಾಕಿಕೊಂಡೇ ಮತ್ತೆ ಬಂದರು. "ಇನ್ನಾ ಸೊಟ್ಟನೇ ಅದರಿ." ರೂಢಿಯಾಗಬೇಕು ಎಂದೆ. ಪಾಪ, ರೂಢಿ ಮಾಡಿಕೊಳ್ಳಲು ಹೋದರು.

ಕೊನೆಗೆ ಮಗಳು ಹೈದರಾಬಾದಿಗೆ ಕರೆದೊಯ್ದಳು. ಬಲಗಣ್ಣಿನ ನಡುವಿನ ನೋಟ ಹೋಗಿಬಿಟ್ಟಿತ್ತು. ಇಂಜೆಕ್ಷನ್ನಿನಿಂದ ಉಳಿದದ್ದನ್ನು ಕಾಯಬಹುದು, ಹೋದದ್ದು ಬಾರದು, ದಾರ ಸೊಟ್ಟ ಕಂಡಾಗಲೇ ಬರಬೇಕಿತ್ತು ಎಂದರಂತೆ ಅಲ್ಲಿನ ಡಾಕ್ಟರು.

ಇದನ್ನು ನನಗೆ ಹೇಳಲು ಕಾಕಾ ತಾವೇ ಬಂದರು. ಬೈಯಲಿಲ್ಲ. "ನೀವಾದ್ರೂ ಏನ್ ಮಾಡ್ತೀರಿ, ನನ್ನ ನಸೀಬ ಖರಾಬ," ಎಂದರು. ತಪ್ಪು ನನ್ನದು ಎನ್ನಬೇಕಿತ್ತು. ಚಹಾ ತರಿಸಿದೆ. ನೆನೆದರೆ ಈಗಲೂ ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆ.

ಹೊರಡುವ ಮೊದಲು ನೆಲದ ಮೇಲೆ ಕುಳಿತು, ತಾವೇ ಹಾಸಿದ ಕಲ್ಲುಗಳ ಸಂದಿಯ ಮೇಲೆ ಬೆರಳಾಡಿಸಿದರು.

"ಇದು ನೆಟ್ಟಗ ಅದ ಏನ್ರಿ?"

ಈ ಮಾತನ್ನು ಅವರು ಯಾರಿಗೂ ಕೇಳಿದವರಲ್ಲ.

"ನೆಟ್ಟಗ ಅದ ಕಾಕಾ."

"ನೀವು ಅಂದ್ರ ಆತು ಬಿಡ್ರಿ," ಎಂದು ಎದ್ದು ಹೋದರು.

ಆಮೇಲೆ ಅವರು ಬಂದಿಲ್ಲ. ಅವರು ಕಳಿಸಿದವರು ತಾಂಡೂರಿನಿಂದ ಬರುತ್ತಾರೆ, ಡಾಕ್ಟರ್ ಸಾಬ್ ಎನ್ನುತ್ತಲೇ ಒಳಗೆ ಕಾಲಿಡುತ್ತಾರೆ. ಈಗ ತಿದ್ದುತ್ತೇನೆ. ತಿದ್ದಲೇಬೇಕಾಗಿದ್ದ ಒಬ್ಬರೆದುರು ತಿದ್ದಲಿಲ್ಲ.