ಬದನೆ ಬಣ್ಣ ಹಿಡಿಯುವ ಫುಮಿಯೊ

ಬೆಟ್ಟದ ಹಿಂದಿನಿಂದ ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಹಮಾಗುಚಿ ಕಾರ್ಖಾನೆಯ ಬಡಗಣ ಕಿಟಕಿಯ ಕೆಳಗೆ ಯನಸೆ ಫುಮಿಯೊ ಎಡಗಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಿಸಿ ಮರಳಿನ ತಟ್ಟೆಯ ಮುಂದೆ ಕೂತಿದ್ದಾರೆ. ಮರಳಿನ ಮೇಲೆ ಐರನ್ ಎನ್ನುವ ಗಾಲ್ಫ್ ದಾಂಡಿನ ಉಕ್ಕಿನ ತಲೆಯೊಂದು ಮಲಗಿದೆ. ಕೋಲು ಸೇರಿಸುವುದು ಆಮೇಲೆ. ಫಳಫಳ ಉಜ್ಜಿದ ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಬಳಿಕ ಹುರಿದ ಚಹಾ ಎಲೆಯ ಬಣ್ಣಕ್ಕೆ. ಇದ್ದಕ್ಕಿದ್ದಂತೆ ಅಂಚಿನಿಂದ ನೇರಳೆ ಹಬ್ಬಿಕೊಂಡು ಬರುತ್ತದೆ. ಫುಮಿಯೊ ಉಸಿರು ಬಿಗಿಹಿಡಿದು ಇಕ್ಕಳ ಚಾಚುತ್ತಾರೆ. ತಲೆ ಚೊಯ್ಯೆಂದು ಎಣ್ಣೆಗೆ ಇಳಿಯುತ್ತದೆ.

"ಇದು ಬದನೆ," ಎನ್ನುತ್ತಾರೆ. "ಇನ್ನೊಂದು ಚೂರು ಬಿಟ್ಟಿದ್ರೆ ನೀಲಿ ಹೂವಿನ ಬಣ್ಣ ಆಗ್ತಿತ್ತು. ಅದನ್ನೂ ದಾಟಿದ್ರೆ ಬೂದಿ. ಬೂದಿ ಬಳ್ಕೊಂಡಿರೋದನ್ನ ಯಾರು ತಗೋತಾರೆ?"

ದೀಪ ಹಾಕಿದರೆ ನೇರಳೆಯ ನಿಜಬಣ್ಣ ತಿಳಿಯುವುದಿಲ್ಲ, ಬಿಸಿಲು ಬಿದ್ದರೆ ಉಕ್ಕು ಕಣ್ಣು ಕುಕ್ಕುತ್ತದೆ. ಹಾಗಾಗಿ ಬಣ್ಣದ ಕೆಲಸವೆಲ್ಲ ಬೆಳಗಾಗುವ ಈ ಹೊತ್ತಿನಲ್ಲೇ. ಬೆಳಗಿಗೊಂದು ಸೆಟ್ ಆದರೆ ಅವರಿಗೆ ಸಮಾಧಾನ.

ಇಚಿಕಾವಾ ಕಣಿವೆಯ ನಾವು ಐರನ್ ಬಡಿದು ಬದುಕಿದವರು, ಆಡಿದವರಲ್ಲ. ಹೆಸರೆಲ್ಲ ಸುತ್ತಿಗೆಯವರಿಗೆ ಹೋಗುತ್ತದೆ. ಐರನ್ನಿನ ಬೆನ್ನ ಮೇಲೆ ಕಾರ್ಖಾನೆಯ ಮುದ್ರೆ ಬೀಳುತ್ತದೆ, ಬಣ್ಣ ಹಿಡಿದವರ ಹೆಸರು ಎಲ್ಲೂ ಇರುವುದಿಲ್ಲ. ಆದರೆ ದೂರದೂರದಿಂದ ಜನ ಹುಡುಕಿಕೊಂಡು ಬರುವುದು ಆ ಬಣ್ಣಕ್ಕೇ.

ಬಣ್ಣದಲ್ಲಿ ಅಂಥದ್ದೇನಿದೆ ಎಂದು ಹಿಮೆಜಿಯ ಅಕ್ಕಿ ವ್ಯಾಪಾರಿ ಮುರೊಫುಶಿ ಅವರನ್ನು ಕೇಳಿದೆ. ಬದನೆ ಬಣ್ಣದ ಸೆಟ್ ಇಟ್ಟುಕೊಂಡು ಮೆರೆಯುವವರು ಅವರು.

"ಇದರಿಂದ ಚೆಂಡು ಒಂದು ಗೇಣೂ ಜಾಸ್ತಿ ಹೋಗಲ್ಲ ಕಣ್ರೀ, ನನ್ನ ಹೆಂಡ್ತಿ ದಿನಾ ಹೇಳ್ತಾಳೆ," ಎಂದು ಅವರೇ ನಕ್ಕರು. "ಆದ್ರೆ ಬೆಳ್ಳಿ ಥರ ಮಿಂಚೋದು ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತೆ. ಇದನ್ನ ಹುಲ್ಲಿನ ಮೇಲಿಟ್ರೆ ಮನಸ್ಸು ತಣ್ಣಗಾಗುತ್ತೆ. ಆಡ್ತಾ ಆಡ್ತಾ ಚೆಂಡು ತಾಗೋ ಕಡೆ ಬಣ್ಣ ಸವೆಯುತ್ತೆ. ನೋಡಿ ಇಲ್ಲಿ, ನಾನು ಎಲ್ಲಿ ಸರಿಯಾಗಿ ಹೊಡ್ದೆ, ಎಲ್ಲಿ ಎಡವಟ್ಟು ಮಾಡ್ದೆ, ಎಲ್ಲಾ ಕಾಣುತ್ತೆ. ಇದು ಬೇರೆ ಯಾರದ್ದೂ ಆಗೋಕೆ ಸಾಧ್ಯ ಇಲ್ಲ."

ಫುಮಿಯೊ ಇಲ್ಲಿಗೆ ಬಂದಾಗ ಇನ್ನೂ ಹುಡುಗಿ. ಎಣ್ಣೆ ಒರೆಸುವ ಕೆಲಸಕ್ಕೆ ಸೇರಿದವರು ನೋಡಿ ನೋಡಿಯೇ ಬಣ್ಣ ಕಲಿತರು. ಲಾರಿ ಓಡಿಸುತ್ತಿದ್ದ ಗಂಡ, ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡರು. ಅಂದಿನಿಂದ ಮನೆಯ ಭಾರವನ್ನೆಲ್ಲ ಈ ಕಿಟಕಿಯೇ ಹೊತ್ತಿದೆ. ಮುಂಗೈ ಮೇಲಿನ ಸುಟ್ಟ ಕಲೆಗಳ ಬಗ್ಗೆ ಕೇಳಿದರೆ ಅಂಗಿಯ ತೋಳು ಕೆಳಗೆಳೆದುಕೊಳ್ಳುತ್ತಾರೆ. "ಅಡುಗೆಮನೇಲಿ ನೀವು ಸುಟ್ಕೊಂಡಿಲ್ವಾ? ಇದೂ ಹಾಗೇ."

ಆದರೆ ಕಣ್ಣಿನ ವಿಷಯ ಹಾಗಲ್ಲ. ಎರಡು ಕಣ್ಣಿಗೂ ಪೊರೆ ಬರುತ್ತಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಪೊರೆ ಹಳದಿಯಾಗುತ್ತ ಹೋದಂತೆ ನೀಲಿ ಮಂಕಾಗುತ್ತದೆ. ಹೀಗಾಗಿ ಬದನೆ ಬಣ್ಣ ಬಂದು ಆಗಿದ್ದರೂ ಇನ್ನೂ ಬಂದಿಲ್ಲವೆಂದು ಕಾಯುತ್ತಿದ್ದರು. ಅವರು ಬದನೆಯೆಂದು ಒಪ್ಪಿಸಿದ ಐರನ್‌ಗಳು ಅಚ್ಚ ನೀಲಿಗೆ ತಿರುಗಿರುತ್ತಿದ್ದವು.

ಕಾರ್ಖಾನೆಯ ಒಡೆಯ ಹಮಾಗುಚಿ ಟೆಟ್ಸುನಾರಿಗೆ ಇದು ಗೊತ್ತಿತ್ತು. ಫುಮಿಯೊ ಮನೆಗೆ ಹೋದ ಮೇಲೆ ಅವರು ಆ ನೀಲಿಯನ್ನೆಲ್ಲ ಉಜ್ಜಿ ತೆಗೆದು, ತಾವೇ ಮರಳಿನ ಮುಂದೆ ಕೂತು ಮತ್ತೆ ಬದನೆ ಹಿಡಿಯುತ್ತಿದ್ದರು. ಸಂಜೆಯ ಬೆಳಕಿನಲ್ಲಿ ಅದು ಸುಲಭಕ್ಕೆ ಬಾರದು, ಉಜ್ಜಿದ್ದನ್ನೇ ಮತ್ತೆ ಉಜ್ಜಬೇಕು. ಬೆಳಿಗ್ಗೆ ಮಾತ್ರ "ನಿನ್ನೆಯದು ತುಂಬಾ ಚೆನ್ನಾಗಿ ಬಂದಿದೆ" ಎಂದು ತಲೆಬಾಗುತ್ತಿದ್ದರು.

"ಹೇಗ್ರೀ ಹೇಳೋದು?" ಎನ್ನುತ್ತಾರೆ ಟೆಟ್ಸುನಾರಿ. "ನಾನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಅವರು ಆ ಕಿಟಕಿ ಹತ್ರ ಕೂತಿದಾರೆ. ನಮ್ಮಪ್ಪನೂ ಅವರಿಗೆ ಎದುರು ಮಾತಾಡಿದ್ದಿಲ್ಲ."

ಹಿರಿಯರ ತಪ್ಪನ್ನು ಮುಖಕ್ಕೆ ಹೇಳದೆ ಸದ್ದಿಲ್ಲದೆ ಸರಿಮಾಡುವುದನ್ನು ನಮ್ಮ ಕಣಿವೆಯಲ್ಲಿ ಒಳ್ಳೆಯತನವೆನ್ನುತ್ತೇವೆ. ಅದರಿಂದ ಎಷ್ಟು ನೋಯಬಹುದೆಂದು ನಾವು ಯೋಚಿಸಿದವರಲ್ಲ.

ಮಗಳ ಒತ್ತಾಯಕ್ಕೆ ಈ ವಸಂತದಲ್ಲಿ ಫುಮಿಯೊ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಕೆಲಸಕ್ಕೆ ಮರಳಿದ ಬೆಳಿಗ್ಗೆ, ಆಸ್ಪತ್ರೆಗೆ ಹೋಗುವ ಮುನ್ನ ತಾವೇ ಮುಗಿಸಿಟ್ಟಿದ್ದ ಸೆಟ್ಟನ್ನು ಕಿಟಕಿಗೆ ಹಿಡಿದರು. ಎಡಗಣ್ಣಿಗೆ ಬದನೆ. ಬಲಗಣ್ಣಿಗೆ ನೀಲಿ ಹೂವು. ಒಡೆಯನ ಬಳಿ ಓಡಿದರು.

"ಟೆಟ್ಸು, ಕೆಲಸ ಕೆಟ್ಟಿದೆ ಕಣೋ! ನಾನು ಕಳಿಸಿದ್ದೆಲ್ಲಾ ತಪ್ಪು. ಗಿರಾಕಿಗಳಿಗೆಲ್ಲಾ ಫೋನ್ ಮಾಡು, ಎಲ್ಲಾ ವಾಪಸ್ ತರಿಸು!"

ಆಗ ಟೆಟ್ಸುನಾರಿ ನೆಲ ನೋಡುತ್ತ ಇದ್ದದ್ದನ್ನು ಇದ್ದಂತೆ ಹೇಳಿದರು. ತಪ್ಪು ಬಣ್ಣ ಯಾರ ಮನೆಗೂ ಹೋಗಿಲ್ಲ, ಆ ಸೆಟ್ಟೊಂದನ್ನು ಮಾತ್ರ ಉಜ್ಜಿ ಸರಿಮಾಡಲು ಅವರಿಗೆ ಪುರಸೊತ್ತಾಗಿರಲಿಲ್ಲ.

"ಮುಖದ ಮೇಲೆ ಹೊಡ್ದಿದ್ರೆ ತಡ್ಕೋತಿದ್ದೆ," ಎನ್ನುತ್ತಾರೆ ಫುಮಿಯೊ. "ನಾನು ಬೆಳಿಗ್ಗೆ ಮಾಡೋದು, ಅವರು ಸಂಜೆ ಅಳಿಸೋದು. ಅಂದ್ರೆ ಅಷ್ಟು ದಿನ ನಾನು ಇಲ್ಲಿಗೆ ಬರ್ಲೇ ಇಲ್ಲ ಅಂತ ಆಯ್ತಲ್ಲ. ಬೈದಿದ್ರೆ ಅವತ್ತೇ ಕಣ್ಣು ತೋರಿಸ್ತಿದ್ದೆ."

ಅಂದಿನಿಂದ ಅವರು ಟೆಟ್ಸು ಎಂದು ಕರೆಯುವುದನ್ನು ಬಿಟ್ಟಿದ್ದಾರೆ. ಬಾಯಿ ತುಂಬ "ಯಜಮಾನ್ರೇ" ಎನ್ನುತ್ತಾರೆ. ಕೇಳಿದಾಗಲೆಲ್ಲ ಟೆಟ್ಸುನಾರಿ ಮುಖ ಸಪ್ಪಗಾಗುತ್ತದೆ. ಕೆಲಸಕ್ಕೆ ಉಳಿಯಲು ಫುಮಿಯೊ ಹಾಕಿದ ಷರತ್ತು ಒಂದೇ: ಕೆಟ್ಟರೆ ಕೆಟ್ಟಿದೆ ಎಂದು ಎದುರಿಗೇ ಹೇಳಬೇಕು. ಇಷ್ಟು ವಾರವಾದರೂ ಯಜಮಾನರ ಬಾಯಿಂದ "ಚೆನ್ನಾಗಿದೆ" ಎಂಬುದನ್ನು ಬಿಟ್ಟು ಬೇರೆ ಮಾತು ಹೊರಟಿಲ್ಲ.

ಬಣ್ಣ ತಪ್ಪದಿರಲೆಂದು ಈಗ ಬಟ್ಟೆ ಕಟ್ಟಿರುವ ಎಡಗಣ್ಣಿನ ಸರದಿ ಮುಂದಿನ ವಾರ. ಆಮೇಲೆ ಏನಾಸೆ ಎಂದು ಕೇಳುತ್ತೇನೆ.

"ಎರಡೂ ಕಣ್ಣಲ್ಲಿ ನೋಡಿ ಒಂದು ಸೆಟ್ ಮಾಡ್ಬೇಕು. ಅದು ನನ್ನ ಕೈಯಿಂದ ಸೀದಾ ಪೆಟ್ಟಿಗೆಗೆ ಹೋಗ್ಬೇಕು. ಮಧ್ಯದಲ್ಲಿ ಯಾರೂ ಕೈ ಹಾಕ್ಬಾರ್ದು."

ಇಂದಿನ ಸೆಟ್ ಮುಗಿಯುತ್ತ ಬಂದಿದೆ. ಟೆಟ್ಸುನಾರಿ ಬಂದು ಒಂದೊಂದೇ ತಲೆಯನ್ನು ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ಕೊನೆಯದನ್ನು ಕೈಗೆತ್ತಿಕೊಂಡವರು ಕೆಳಗಿಡುವುದಿಲ್ಲ. ಇನ್ನೊಮ್ಮೆ ಕಿಟಕಿಗೆ ಹಿಡಿಯುತ್ತಾರೆ.

"ಫುಮಿಯೊ ಸಾನ್... ಇದು... ಅಂಚಿನ ಹತ್ರ ನೀಲಿ ಹತ್ತಿದೆ. ಕೆಟ್ಟಿದೆ."

ಆಚೆ ಉಕ್ಕು ಉಜ್ಜುವ ಕೆಲಸದವರೂ ಕೈ ನಿಲ್ಲಿಸಿ ನೋಡುತ್ತಾರೆ. ಫುಮಿಯೊ ಐರನ್ ಇಸಿದುಕೊಂಡು ಬಲಗಣ್ಣಿನ ಹತ್ತಿರ ತರುತ್ತಾರೆ. ಅಂಚನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ.

"ಹೌದು, ಕೆಟ್ಟಿದೆ," ಎನ್ನುತ್ತಾರೆ. ಇಡೀ ಬೆಳಿಗ್ಗೆ ಕಾಣದ ನಗು ಈಗ ಮುಖದ ಮೇಲಿದೆ. "ಹಾಗೆ ಬಾ ದಾರಿಗೆ, ಟೆಟ್ಸು. ಆ ಉಜ್ಜೋ ಬಟ್ಟೆ ಇತ್ತ ಕೊಡು."